ಕಾರಿನೊಳಗಿನ ಧ್ವನಿ ಯಾರ ಸ್ವತ್ತು?

ಮಹಾನಗರದಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರಲ್ಲಿ ತಂದೆ, ತಾಯಿ, ಮಕ್ಕಳು, ಊರಿನಿಂದ ಬಂದಿರುವ ಹಿರಿಯರು ಇವರೆಲ್ಲರೂ ಒಂದೆಡೆ ಕುಳಿತು ಒಂದೇ ಧ್ವನಿಯನ್ನು ಒಂದು ಗಂಟೆಯ ಕಾಲ ಕೇಳುವ ಸಂದರ್ಭ ಈಗ ಎಷ್ಟು ಬಾರಿ ಒದಗುತ್ತದೆ? ಮನೆಯಲ್ಲಿ ಅದು ಬಹುಮಟ್ಟಿಗೆ ನಿಂತೇ ಹೋಗಿದೆ. ಹಜಾರದ ರೇಡಿಯೋ ಎಂದೋ ಅಟ್ಟ ಸೇರಿತು. ಟಿ.ವಿ.ಯ ಮುಂದೆ ಎಲ್ಲರೂ ಕೂಡುವ ರೂಢಿಯೂ ಸಡಿಲಗೊಂಡು ಒಬ್ಬೊಬ್ಬರ ಕೈಗೆ ಒಂದೊಂದು ಪರದೆ ಬಂದಿದೆ. ಉಳಿದಿರುವುದು ಕಾರು. ಠಾಣೆಯಿಂದ ಮಾಟುಂಗದ ಮದುವೆಗೆ ಹೊರಟಾಗ, ಪುಣೆಯಿಂದ ಧಾರವಾಡಕ್ಕೆ ದಸರೆಯ ರಜೆಗೆಂದು ಹೊರಟಾಗ, ಬಾಗಿಲು ಮುಚ್ಚಿದೊಡನೆ ನಾಲ್ಕೈದು ಜನ ಒಂದು ಚಿಕ್ಕ ಕೋಣೆಯಲ್ಲಿ ಒಟ್ಟಾಗುತ್ತಾರೆ. ಈ ಕೋಣೆಯಲ್ಲಿ ಯಾವ ಧ್ವನಿ ಇರಬೇಕು, ಎಷ್ಟಿರಬೇಕು, ಅದನ್ನು ಯಾರು ನಡೆಸಬೇಕು ಎಂಬ ಪ್ರಶ್ನೆ ಮೇಲುನೋಟಕ್ಕೆ ಕ್ಷುಲ್ಲಕವಾಗಿ ತೋರಬಹುದು. ಆದರೆ ಮಕ್ಕಳ ಭಾಷೆ, ಎಲ್ಲರ ಕಿವಿ ಹಾಗೂ ಎಲ್ಲರ ಪ್ರಾಣ ಈ ಮೂರಕ್ಕೂ ಅದರೊಡನೆ ಸಂಬಂಧವಿದೆ. ಕಿಸೆಯ ಮೊಬೈಲಿನಲ್ಲಿರುವುದನ್ನು ಕಾರಿನ ಸ್ಟೀರಿಯೋ ಮೂಲಕ ಎಲ್ಲರಿಗೂ ಕೇಳಿಸುವುದು ಖಂಡಿತವಾಗಿಯೂ ಒಳ್ಳೆಯ ಪದ್ಧತಿ. ಆದರೆ ಸ್ಟಿಯರಿಂಗ್ ಹಿಡಿದವರು ಅದರ ಯಜಮಾನರಾಗಿರಬಾರದು.

ಹಳೆಯ ತಲೆಮಾರಿನ ವಲಸೆಗಾರರಿಗೆ ಈ ಸುಖ ಅಪರಿಚಿತವಲ್ಲ. ಫಿಲಿಪ್ಸ್ ಸಂಸ್ಥೆ 1963ರಲ್ಲಿ ಹೊರತಂದ ಕ್ಯಾಸೆಟ್ಟು ಕನ್ನಡಿಗರ ಮನೆಗಳನ್ನು ಮುಟ್ಟಲು ಕೆಲಕಾಲ ಹಿಡಿಯಿತು. 1978ರಲ್ಲಿ ಕೆ. ಎಸ್. ನಿಸಾರ್ ಅಹಮದರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಧ್ವನಿಸುರುಳಿ ಬಂದ ಮೇಲೆ ಭಾವಗೀತೆಯು ಸಭಾಂಗಣವನ್ನು ಬಿಟ್ಟು ಮನೆಗೆ ನಡೆದು ಬಂದಿತು. ಗುರುರಾಜುಲು ನಾಯ್ಡು ಅವರ ಹರಿಕಥೆ, ಮಾಸ್ಟರ್ ಹಿರಣ್ಣಯ್ಯನವರ ನಾಟಕ, ಕರಾವಳಿಯ ತಾಳಮದ್ದಲೆ ಎಲ್ಲವೂ ಊರಿಗೆ ಹೋಗಿ ಬಂದವರ ಟ್ರಂಕಿನಲ್ಲಿ ಚಕ್ಕುಲಿ, ಹಪ್ಪಳಗಳ ಜೊತೆಗೆ ಮುಂಬಯಿಗೂ ಮದರಾಸಿಗೂ ಬಂದಿಳಿದವು. ಟೇಪು ಸಿಕ್ಕಿಕೊಂಡರೆ ಪೆನ್ಸಿಲ್ ತೂರಿಸಿ ಸುತ್ತುತ್ತಿದ್ದ ಆ ಕಾಲದಲ್ಲಿ ಕೇಳುವಿಕೆಯೆಂಬುದು ಕೂಡಿ ಮಾಡುವ ಕೆಲಸವಾಗಿತ್ತು. ಸೋನಿ ಸಂಸ್ಥೆ 1979ರಲ್ಲಿ ಹೊರತಂದ ಮೊಟ್ಟಮೊದಲ ವಾಕ್‌ಮನ್ ಯಂತ್ರದಲ್ಲಿ ಸಹ, ಇಬ್ಬರು ಜೊತೆಯಾಗಿ ಕೇಳಲೆಂದು ಹೆಡ್‌ಫೋನಿಗೆ ಎರಡು ರಂಧ್ರಗಳನ್ನು ಇಟ್ಟಿದ್ದರು. ಕಾಲಕ್ರಮದಲ್ಲಿ ಎರಡನೆಯದು ಮಾಯವಾಯಿತು. ಅದರ ಅಗತ್ಯ ಯಾರಿಗೂ ಕಂಡಿರಲಿಕ್ಕಿಲ್ಲ.

ಕಿಸೆಯ ಯಂತ್ರವನ್ನು ಕಾರಿನ ಯಂತ್ರಕ್ಕೆ ಜೋಡಿಸುವ ಯತ್ನವೂ ಹಳೆಯದೇ. ಕ್ಯಾಸೆಟ್ಟಿನ ಆಕಾರದ ಒಂದು ಪ್ಲಾಸ್ಟಿಕ್ ಡಬ್ಬಿ, ಅದರಿಂದ ಹೊರಟ ಒಂದು ತಂತಿ. ಡಬ್ಬಿಯೊಳಗೆ ಟೇಪು ಇರುವುದಿಲ್ಲ, ಟೇಪು ಇರಬೇಕಾದ ಸ್ಥಳದಲ್ಲಿ ಒಂದು ಪುಟ್ಟ ಕಾಂತೀಯ ಹೆಡ್ ಇರುತ್ತದೆ. ಕಾರಿನ ಪ್ಲೇಯರು ಅದನ್ನೇ ಟೇಪೆಂದು ನಂಬಿ ಹಾಡುತ್ತಿತ್ತು. ಎಂತಹ ಸರಳವಾದ ಮೋಸ! ಅನಂತರ ಬಂದದ್ದು ಸಿಗರೇಟ್ ಲೈಟರಿನ ಕುಳಿಗೆ ಸಿಕ್ಕಿಸುವ ಎಫ್.ಎಂ. ಟ್ರಾನ್ಸ್‌ಮಿಟರು. ಕಾರಿನೊಳಗೆ ಒಂದು ಅಂಗೈಯಗಲದ ರೇಡಿಯೋ ಕೇಂದ್ರವನ್ನು ತೆರೆದು ಕಾರಿನ ರೇಡಿಯೋವನ್ನು ಅದಕ್ಕೆ ತಿರುಗಿಸುವ ಉಪಾಯ ಅದು. ಎಫ್.ಎಂ. ಕೇಂದ್ರಗಳು ಕಿಕ್ಕಿರಿದ ಮುಂಬಯಿ, ದೆಹಲಿಗಳಲ್ಲಿ ಖಾಲಿ ಸ್ಥಾನ ಸಿಗುವುದೇ ಕಷ್ಟ. ಒಂದು ಬಡಾವಣೆಯಲ್ಲಿ ಚೆನ್ನಾಗಿ ಕೇಳುತ್ತಿದ್ದ ದಾಸರ ಪದದ ನಡುವೆ ಮುಂದಿನ ಬಡಾವಣೆಯಲ್ಲಿ ಸಾಬೂನಿನ ಜಾಹೀರಾತು ನುಗ್ಗುತ್ತದೆ. ಆಮೇಲೆ 3.5 ಮಿಲಿಮೀಟರಿನ ಆಕ್ಸ್ ರಂಧ್ರ ಬಂದಿತು, ಯು.ಎಸ್.ಬಿ. ಬಂದಿತು. 2016ರ ಐಫೋನಿನಿಂದ ಆರಂಭವಾಗಿ ಒಂದೊಂದೇ ಫೋನಿನಲ್ಲಿ ಆ ದುಂಡು ರಂಧ್ರ ಮುಚ್ಚಿಹೋದಂತೆ ತಂತಿಯಿಲ್ಲದ ಬ್ಲೂಟೂತ್ ರೂಢಿಗೆ ಬಂದಿದೆ.

ಯಂತ್ರ ಇಷ್ಟು ಸುಲಭವಾದ ಮೇಲೆ ಕೂಡಿ ಕೇಳುವುದು ಹೆಚ್ಚಬೇಕಾಗಿತ್ತು, ಆದದ್ದು ಬೇರೆ. ಹಿಂದಿನ ಆಸನದಲ್ಲಿ ಇಬ್ಬರು ಮಕ್ಕಳು ಕಿವಿಗೆ ಇಯರ್‌ಫೋನು ಸಿಕ್ಕಿಸಿ ತಲೆ ತಗ್ಗಿಸಿರುತ್ತಾರೆ. ಮುಂದೆ ತಂದೆ ತನಗೆ ಬೇಕಾದ ಹಳೆಯ ಚಿತ್ರಗೀತೆಯನ್ನು ಹಾಕಿಕೊಂಡಿರುತ್ತಾನೆ. ನಡುವೆ ಕುಳಿತ ಅಜ್ಜಿಗೆ ಯಾವುದೂ ಇಲ್ಲ. ಮಹಾನಗರದ ಮಗುವಿಗೆ ಶಾಲೆಯಲ್ಲಿ ಇಂಗ್ಲಿಷು, ಆಟದ ಬಯಲಿನಲ್ಲಿ ಮರಾಠಿಯೋ ತಮಿಳೋ ಹಿಂದಿಯೋ. ಕನ್ನಡ ಅದಕ್ಕೆ ದೊರೆಯುವುದು ತಾಯ್ತಂದೆಯರ ಬಾಯಿಂದ. ಅದೂ ಬಹುಪಾಲು “ಊಟ ಮಾಡು”, “ಬೇಗ ಏಳು”, “ಫೋನು ಇಡು” ಎಂಬ ಆಜ್ಞಾರ್ಥಕ ರೂಪದಲ್ಲಿ. ಬೇರೆ ಬೇರೆ ಕಂಠಗಳ, ಬೇರೆ ಬೇರೆ ಸೀಮೆಗಳ, ಕಥೆ ಹೇಳುವ, ನಗಿಸುವ, ಜಗಳವಾಡುವ ಕನ್ನಡ ಅದರ ಕಿವಿಗೆ ಬೀಳುವುದೆಲ್ಲಿ? ಚೆನ್ನೈಯಲ್ಲಿಯೋ ದೆಹಲಿಯಲ್ಲಿಯೋ ಕಾರಿನ ಎಫ್.ಎಂ. ಗುಂಡಿಯನ್ನು ಎಷ್ಟು ತಿರುಗಿಸಿದರೂ ಧಾರವಾಡ, ಮಂಗಳೂರು ಕೇಂದ್ರಗಳು ಕೇಳಿಸವು. ಮೊಬೈಲಿನಲ್ಲಾದರೆ ಪ್ರಸಾರ ಭಾರತಿಯ ‘ನ್ಯೂಸ್ ಆನ್ ಏರ್’ ಆ್ಯಪ್ ಮೂಲಕ ಆಕಾಶವಾಣಿಯ ಕನ್ನಡ ಕೇಂದ್ರಗಳನ್ನು ಎಲ್ಲಿಂದ ಬೇಕಾದರೂ ಕೇಳಬಹುದು. ಕಥೆ, ನಾಟಕ, ಯಕ್ಷಗಾನ, ಉಪನ್ಯಾಸಗಳಿಗೂ ಕೊರತೆಯಿಲ್ಲ. ಇಷ್ಟೆಲ್ಲ ಇದ್ದೂ ಅದು ಒಬ್ಬರ ಕಿವಿಯಲ್ಲಿ ಅಡಗಿಬಿಟ್ಟರೆ ಪ್ರಯೋಜನವೇನು?

ಮಕ್ಕಳು ಒಪ್ಪುವುದಿಲ್ಲ ಎಂಬ ಆಕ್ಷೇಪಣೆ ಉಂಟು. ಅದು ನಿಜವೂ ಹೌದು. ಮೂರು ಗಂಟೆಯ ಹರಿಕಥೆಯನ್ನು ಹನ್ನೆರಡು ವರ್ಷದ ಹುಡುಗನ ಮೇಲೆ ಹೇರಿದರೆ ಆತ ಕನ್ನಡದಿಂದ ಇನ್ನೂ ನಾಲ್ಕು ಮಾರು ದೂರ ಸರಿದಾನು. ಸರದಿಯ ಮೇಲೆ ನಡೆಸುವುದೇ ಲೇಸು. ಅರ್ಧ ಗಂಟೆ ಮಕ್ಕಳ ಆಯ್ಕೆ, ಅದು ಯಾವ ಭಾಷೆಯದಾದರೂ ಆಗಲಿ, ಹಿರಿಯರು ಮುಖ ಸಿಂಡರಿಸದೆ ಕೇಳತಕ್ಕದ್ದು. ಮುಂದಿನ ಅರ್ಧ ಗಂಟೆ ಅಜ್ಜಿಯದು. ಮಕ್ಕಳು ಕೇಳುವುದು ಇಷ್ಟೊಂದು ಕರ್ಕಶವಾಗಿದೆಯೇ ಎಂದು ಕೆಲವು ತಂದೆಯರಿಗೆ ಆಗ ಮೊದಲ ಬಾರಿಗೆ ತಿಳಿಯುತ್ತದೆ. ಅದೂ ಒಂದು ಲಾಭವೇ.

ಇನ್ನು ಚಾಲಕರ ವಿಚಾರ. ಗಂಟೆಗೆ 60 ಕಿಲೋಮೀಟರಿನಂತೆ ಓಡುವ ಕಾರು ಒಂದು ಸೆಕೆಂಡಿನಲ್ಲಿ ಸುಮಾರು 17 ಮೀಟರು ಮುಂದೆ ಹೋಗಿರುತ್ತದೆ. ಹಾಡು ಬದಲಿಸಲು ಮೂರು ಸೆಕೆಂಡು ಫೋನಿನ ಕಡೆ ನೋಡಿದರೆ 50 ಮೀಟರು ದಾರಿಯನ್ನು ಕಣ್ಣುಮುಚ್ಚಿ ಕ್ರಮಿಸಿದಂತೆಯೇ ಸರಿ. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯಿದೆಯ 184ನೆಯ ವಿಧಿಯು, ವಾಹನ ನಡೆಸುತ್ತ ಕೈಯಲ್ಲಿ ಹಿಡಿಯುವ ಸಂಪರ್ಕ ಸಾಧನವನ್ನು ಬಳಸುವುದನ್ನು ಅಪಾಯಕರ ಚಾಲನೆಯ ಸಾಲಿಗೆ ಸೇರಿಸಿದೆ. ಮೊದಲನೆಯ ಅಪರಾಧಕ್ಕೇ 1,000ದಿಂದ 5,000 ರೂಪಾಯಿಗಳವರೆಗೆ ದಂಡ, ಇಲ್ಲವೆ ಆರು ತಿಂಗಳಿಂದ ಒಂದು ವರ್ಷದ ಸೆರೆವಾಸ, ಇಲ್ಲವೆ ಎರಡೂ. ದಾರಿ ನೋಡಿಕೊಳ್ಳುವ ಸಲುವಾಗಿ ಮಾತ್ರ, ಅದೂ ಚಾಲಕನ ಏಕಾಗ್ರತೆಗೆ ಭಂಗ ಬಾರದಂತೆ, ಅಂತಹ ಸಾಧನವನ್ನು ಬಳಸಬಹುದೆಂದು 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ನಿಯಮ ಹೇಳುತ್ತದೆ. ಹಾಡು ಹುಡುಕಲು ಅದರಲ್ಲಿ ರಿಯಾಯಿತಿಯಿಲ್ಲ.

ಕೈಯಿಂದ ಮುಟ್ಟುವುದಿಲ್ಲ, ಬಾಯಿಮಾತಿನಲ್ಲಿಯೇ ಯಂತ್ರಕ್ಕೆ ಆಜ್ಞೆ ಕೊಡುತ್ತೇವಲ್ಲ ಎಂದು ಕೆಲವರು ವಾದಿಸುತ್ತಾರೆ. ಅಮೆರಿಕದ ಯೂಟಾ ವಿಶ್ವವಿದ್ಯಾನಿಲಯದ ಸಂಶೋಧಕರು 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಧ್ವನಿಯ ಮೂಲಕ ಆಜ್ಞೆ ಕೊಡುವ ಕೆಲಸ ಮುಗಿದ ಮೇಲೂ 27 ಸೆಕೆಂಡುಗಳವರೆಗೆ ಚಾಲಕನ ಮನಸ್ಸು ಪೂರ್ತಿಯಾಗಿ ರಸ್ತೆಗೆ ಮರಳದೆ ಇರಬಹುದು. ಮೇಲಾಗಿ ಆ ಯಂತ್ರಕ್ಕೆ ಕನ್ನಡ ಹಾಡಿನ ಹೆಸರನ್ನು ಅರ್ಥಮಾಡಿಸಲು ನಾಲ್ಕು ಸಲ ಇಂಗ್ಲಿಷಿನ ಉಚ್ಚಾರಣೆಯಲ್ಲಿ ಕೂಗಬೇಕಾದ ಪ್ರಸಂಗವೂ ಬರುತ್ತದೆ. ಆದ್ದರಿಂದ ಧ್ವನಿಯ ಅಧಿಕಾರ ಪಕ್ಕದ ಆಸನದವರಿಗೆ ಸೇರಿರಲಿ. ಒಬ್ಬರೇ ಹೊರಟವರು ಗಾಡಿ ಹೊರಡುವ ಮುನ್ನವೇ ಎಲ್ಲವನ್ನೂ ಅಣಿಗೊಳಿಸಿ, ಸಾಲದಿದ್ದರೆ ಪೆಟ್ರೋಲ್ ಬಂಕಿನಲ್ಲಿ ನಿಲ್ಲಿಸಿ ಬದಲಿಸಿಕೊಳ್ಳಬೇಕು. ಘಟ್ಟದ ತಿರುವು, ಜೋರುಮಳೆ, ಅಪರಿಚಿತ ಊರಿನ ಸಂಜೆಯ ವಾಹನಸಂದಣಿ ಇವು ಎದುರಾದಾಗ ಸ್ಟೀರಿಯೋವನ್ನು ಪೂರ್ತಿ ನಿಲ್ಲಿಸುವುದೇ ಸರಿ. ಪತ್ತೇದಾರಿ ಕಥೆಯ ಕೊಲೆಗಾರ ಯಾರೆಂಬುದು ಖಂಡಾಲಾ ಇಳಿದ ಮೇಲೆ ತಿಳಿದರೂ ನಷ್ಟವಿಲ್ಲ.

ಧ್ವನಿಯ ಪ್ರಮಾಣದ ಬಗ್ಗೆ ಕನ್ನಡಿಗರೆಂದಲ್ಲ, ನಗರವಾಸಿಗಳಾದ ಎಲ್ಲರೂ ಉದಾಸೀನರು. ಕಿವಿಯೊಳಗೆ ಶಂಖದಂತೆ ಸುತ್ತಿಕೊಂಡಿರುವ ಕಾಕ್ಲಿಯಾದಲ್ಲಿ ಸುಮಾರು 15,000 ಸೂಕ್ಷ್ಮ ಕೇಶಕೋಶಗಳಿವೆ. ಹುಟ್ಟುವಾಗ ಬಂದದ್ದಷ್ಟೇ ಬಂಡವಾಳ. ನಾಶವಾದದ್ದು ಮತ್ತೆ ಬೆಳೆಯುವುದಿಲ್ಲ. ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ ಈ ಖಾತೆಯಲ್ಲಿ ಖರ್ಚಿನ ಕಲಮು ಉಂಟು, ಜಮೆಯ ಕಲಮು ಇಲ್ಲ. ವಯಸ್ಕರು ವಾರಕ್ಕೆ 40 ಗಂಟೆಗಳ ಕಾಲ ಕೇಳುವುದಾದರೆ ಧ್ವನಿ 80 ಡೆಸಿಬೆಲ್ ಮೀರಬಾರದು, ಮಕ್ಕಳಿಗಾದರೆ 75 ಡೆಸಿಬೆಲ್ ಎಂದು ವಿಶ್ವ ಆರೋಗ್ಯ ಸಂಸ್ಥೆ ಮಿತಿ ಹಾಕಿದೆ. ಪ್ರತಿ 3 ಡೆಸಿಬೆಲ್ ಏರಿದಾಗಲೂ ಕೇಳಬಹುದಾದ ಅವಧಿ ಅರ್ಧಕ್ಕೆ ಇಳಿಯುತ್ತದೆ. 83ಕ್ಕೆ 20 ಗಂಟೆ, 86ಕ್ಕೆ 10, 89ಕ್ಕೆ ಕೇವಲ 5. ಅಂದರೆ 89 ಡೆಸಿಬೆಲ್‌ನಲ್ಲಿ ಹಾಡು ಹಾಕಿಕೊಂಡು ಪುಣೆ ಬಿಟ್ಟವರು ಬೆಳಗಾವಿ ತಲುಪುವ ಮೊದಲೇ ವಾರದ ಪಾಲನ್ನು ಪೂರ್ತಿ ಖರ್ಚು ಮಾಡಿರುತ್ತಾರೆ. ಹಿಂದೆ ಕುಳಿತ ಮಕ್ಕಳ ಪಾಲು ಅದಕ್ಕೂ ಬಹಳ ಮುಂಚೆಯೇ ತೀರಿರುತ್ತದೆ. ಈ ಮಿತಿಯನ್ನು ಕಿವಿಗೆ ಸಿಕ್ಕಿಸುವ ಸಾಧನಗಳಿಗೆಂದು ಹೇಳಿದ್ದಾರೆ, ನಿಜ. ಆದರೆ ಧ್ವನಿ ಯಾವ ಪೆಟ್ಟಿಗೆಯಿಂದ ಬಂದಿತೆಂದು ಕಿವಿ ವಿಚಾರಿಸುವುದಿಲ್ಲ.

ಕಾರಿನಲ್ಲಿ ಧ್ವನಿ ಹೆಚ್ಚಾಗುವ ರೀತಿಯೇ ಮೋಸಕರವಾದದ್ದು. ಕಿಟಕಿ ತೆರೆದಿರುತ್ತದೆ, ಲಾರಿಯೊಂದು ಪಕ್ಕದಲ್ಲಿ ಬರುತ್ತದೆ, ಹಾಡು ಕೇಳಿಸದೆಂದು ಒಂದು ಸುತ್ತು ಏರಿಸುತ್ತಾರೆ. ಲಾರಿ ಹೋದ ಮೇಲೆ ಇಳಿಸಲು ಮರೆಯುತ್ತಾರೆ. ಮರುದಿನ ಬೆಳಿಗ್ಗೆ ನಿಶ್ಶಬ್ದವಾದ ನೆಲಮಾಳಿಗೆಯಲ್ಲಿ ಗಾಡಿ ಚಾಲೂ ಮಾಡಿದೊಡನೆ ಸ್ಟೀರಿಯೋ ಅಬ್ಬರಿಸಿ ಎದೆ ಝಲ್ಲೆನ್ನಿಸಿದರೆ, ಹಿಂದಿನ ದಿನ ಎಷ್ಟು ಜೋರಾಗಿ ಕೇಳಿದ್ದರೆಂಬುದಕ್ಕೆ ಅದಕ್ಕಿಂತ ಒಳ್ಳೆಯ ಅಳತೆಗೋಲು ಬೇಕಾಗಿಲ್ಲ. ಪಕ್ಕದಲ್ಲಿ ಕುಳಿತವರೊಡನೆ ದನಿ ಏರಿಸದೆ ಮಾತನಾಡಲು ಸಾಧ್ಯವಾಗಬೇಕು. ಹಿಂದಿನಿಂದ ಬರುವ ಆಂಬುಲೆನ್ಸಿನ ಸೈರನ್ ಕೇಳಿಸಬೇಕು. ಪ್ರಯಾಣ ಮುಗಿಸಿ ಇಳಿದ ಮೇಲೆ ಕಿವಿಯಲ್ಲಿ ಗುಂಯ್ ಎನ್ನುವುದು ಒಂದೆರಡು ದಿನಗಳಲ್ಲಿ ನಿಲ್ಲದಿದ್ದರೆ ಕಿವಿಯ ವೈದ್ಯರನ್ನು ಕಾಣಬೇಕು.

ಜೋಡಣೆಯಲ್ಲಿನ ದೋಷವೂ ಅನೇಕ ವೇಳೆ ಧ್ವನಿಯನ್ನು ಏರಿಸುವಂತೆ ಮಾಡುತ್ತದೆ. ಫೋನಿನ ಧ್ವನಿಯನ್ನು ತೀರ ಕಡಮೆ ಇಟ್ಟು ಕಾರಿನ ಗುಂಡಿಯನ್ನು ತಿರುಗಿಸುತ್ತ ಹೋದರೆ ಹಾಡಿನೊಡನೆ ‘ಸ್’ ಎಂಬ ಸದ್ದೂ ದೊಡ್ಡದಾಗುತ್ತದೆ. ಫೋನಿನಲ್ಲಿ ಮುಕ್ಕಾಲು ಪಾಲಿಗಿಂತ ತುಸು ಹೆಚ್ಚೇ ಇಟ್ಟು, ಮುಂದಿನದನ್ನು ಕಾರಿನ ಗುಂಡಿಯಿಂದ ಹದಗೊಳಿಸಿದರೆ ಕಡಮೆ ಧ್ವನಿಯಲ್ಲಿಯೂ ಮಾತು ಸ್ಪಷ್ಟವಾಗಿ ಕೇಳುತ್ತದೆ. ಆಕ್ಸ್ ತಂತಿ ಜೋಡಿಸಿರುವಾಗಲೇ ಅದೇ ಕಾರಿನ ಚಾರ್ಜರಿಗೂ ಫೋನನ್ನು ಸಿಕ್ಕಿಸಿದರೆ, ವೇಗ ಹೆಚ್ಚಿದಂತೆ ಏರುವ ಒಂದು ‘ಕುಂಯ್’ ರಾಗ ಕೆಲವು ಗಾಡಿಗಳಲ್ಲಿ ಕೇಳಿಬರುತ್ತದೆ. ಸ್ಪೀಕರು ಕೆಟ್ಟಿತೆಂದು ಮೆಕ್ಯಾನಿಕ್ಕನ ಬಳಿಗೆ ಓಡುವ ಮೊದಲು ಚಾರ್ಜರನ್ನು ಕಿತ್ತು ನೋಡಬೇಕು.

ಫೋನು ಸ್ಟೀರಿಯೋಗೆ ಸೇರಿದಾಗ ಹಾಡಿನ ಹಿಂದೆಯೇ ಕರೆಗಳೂ ಬರುತ್ತವೆಂಬುದನ್ನು ಮರೆಯುವವರು ಬಹಳ. ಆಸ್ಪತ್ರೆಯ ವರದಿ, ಸಾಲದ ಕಂತಿನ ಮಾತು, ಕಾರಿನಲ್ಲಿಯೇ ಕುಳಿತಿರುವ ಬೀಗರ ವಿಷಯವಾಗಿ ಇನ್ನೊಬ್ಬ ಸಂಬಂಧಿಕರ ಟೀಕೆ, ಎಲ್ಲವೂ ನಾಲ್ಕು ಸ್ಪೀಕರುಗಳಲ್ಲಿ ಮೊಳಗುತ್ತವೆ! ಬ್ಲೂಟೂತ್ ವ್ಯವಸ್ಥೆಯಲ್ಲಿ ಕರೆಗಳನ್ನು ಬಿಟ್ಟು ಸಂಗೀತವನ್ನು ಮಾತ್ರ ಕಾರಿಗೆ ಕೊಡುವ ಆಯ್ಕೆ ಬಹುತೇಕ ಫೋನುಗಳಲ್ಲಿ ಇದೆ. ಫೋನಿನ ವಿಳಾಸಪಟ್ಟಿಯನ್ನು ಕಾರು ತನ್ನಲ್ಲಿ ಪ್ರತಿ ಮಾಡಿಕೊಳ್ಳಲು ಕೇಳುವ ಅನುಮತಿಯನ್ನು ಬಾಡಿಗೆ ಗಾಡಿಯಲ್ಲಂತೂ ಕೊಡಲೇಬಾರದು. ಸ್ವಂತ ಕಾರನ್ನು ಮಾರುವಾಗ ಆರ್.ಸಿ. ಪುಸ್ತಕದ ವರ್ಗಾವಣೆಯಷ್ಟೇ ಮುತುವರ್ಜಿಯಿಂದ ಸ್ಟೀರಿಯೋದೊಳಗಿನ ಹೆಸರು, ಸಂಖ್ಯೆಗಳನ್ನು ಅಳಿಸಿ ಕೊಡಬೇಕು.

ಕಾರಿನಲ್ಲಿ ಏನನ್ನು ಕೇಳಬೇಕೆಂಬುದಕ್ಕೆ ಅಂಗಡಿಯ ಸರಕನ್ನೇ ನೆಚ್ಚಬೇಕಾಗಿಲ್ಲ. ಹಾಡುವ ಅದೇ ಫೋನು ಧ್ವನಿಯನ್ನು ಮುದ್ರಿಸಿಕೊಳ್ಳಲೂ ಬಲ್ಲದು. ಊರಿಗೆ ಹೋದಾಗ ಅಜ್ಜಿ ಹೇಳುವ ಕಾಗಕ್ಕ ಗುಬ್ಬಕ್ಕನ ಕಥೆಯನ್ನೋ, ಹಬ್ಬದ ಹಾಡನ್ನೋ, ಮದುವೆಯಾಗಿ ಬಂದ ವರ್ಷ ಊರ ಕೆರೆ ತುಂಬಿದ ಪ್ರಸಂಗವನ್ನೋ ಹತ್ತು ಹತ್ತು ನಿಮಿಷಗಳ ಕಂತಿನಲ್ಲಿ ಹಿಡಿದಿಟ್ಟುಕೊಂಡರೆ, ಅದು ಯಾವ ಆ್ಯಪ್‌ನಲ್ಲಿಯೂ ದೊರೆಯದ ಕನ್ನಡ. ಘಟ್ಟದಲ್ಲಿ ಸಿಗ್ನಲ್ ಹೋದರೂ ನಿಲ್ಲುವುದಿಲ್ಲ. ಮುದ್ರಿಸುವಾಗ ಮಾತ್ರ ಫ್ಯಾನು ಆರಿಸಿ, ಕುಕ್ಕರು ಇಳಿಸಿದ ಮೇಲೆ, ಫೋನನ್ನು ಅಜ್ಜಿಯಿಂದ ಒಂದು ಮೊಳ ದೂರದಲ್ಲಿ ಮೆತ್ತನೆಯ ಬಟ್ಟೆಯ ಮೇಲೆ ಇಡಬೇಕು. ಕೋಣೆಯ ಸದ್ದು ಅದರೊಡನೆ ಬೆರೆತರೆ ಓಡುವ ಗಾಡಿಯಲ್ಲಿ ಅಜ್ಜಿಯ ಮಾತು ಒಂದೂ ತಿಳಿಯದು.