ಪುನರ್ವಸತಿಯೊಳಗಿನ ವಸತಿ

ಪುನರ್ವಸತಿ ಎಂಬ ಪದಕ್ಕೆ ಕರ್ನಾಟಕದ ಕಚೇರಿಗಳಲ್ಲಿ ಎರಡು ಸಂಸಾರ. ಅಣೆಕಟ್ಟೆಯ ಹಿನ್ನೀರಿನಲ್ಲಿ ಊರು ಕಳೆದುಕೊಂಡವರಿಗೆ ಬೇರೆ ಕಡೆ ಜಾಗ ತೋರಿಸುವುದೂ ಪುನರ್ವಸತಿ, ಕೈಕಾಲು, ಕಣ್ಣು, ಮನಸ್ಸು ಊನವಾದವರ ಬದುಕಿಗೆ ಆಸರೆಯಾಗುವುದೂ ಪುನರ್ವಸತಿ. ಮಲೆನಾಡಿನ ಸರ್ಕಾರಿ ಕಚೇರಿಯೊಂದರ ಪಡಸಾಲೆಯಲ್ಲಿ ಈಚೆಗೆ ಕಿವಿಗೆ ಬಿದ್ದ ಮಾತು ಈ ಗೊಂದಲವನ್ನು ಚೆನ್ನಾಗಿ ಹಿಡಿದಿತ್ತು. ಗೋಡೆಯ ಫಲಕವನ್ನು ಎರಡು ಸಲ ಓದಿದ ವಯಸ್ಸಾದ ರೈತರೊಬ್ಬರು ಗುಮಾಸ್ತರನ್ನು ಕೇಳಿದರು: “ನಮ್ಮ ಜಮೀನೇನೂ ಮುಳುಗಿಲ್ಲ ಸಾರ್, ಮಗನಿಗೆ ತಲೆ ಸರಿ ಇಲ್ಲ. ಅದಕ್ಕೂ ಇಲ್ಲೇ ಬರಬೇಕಾ?” ಗುಮಾಸ್ತರು ತಲೆ ಎತ್ತದೆ, “ಇಲ್ಲೇ ಯಜಮಾನ್ರೇ, ಯುಡಿಐಡಿ ಕಾರ್ಡು ತಂದಿದೀರಾ?” ಎಂದು ಅಂಗವಿಕಲರ ಗುರುತಿನ ಚೀಟಿ ಕೇಳಿದರು.

ರೈತರ ಅನುಮಾನದಲ್ಲಿ ತಪ್ಪೇನಿಲ್ಲ, ತಪ್ಪಿರುವುದು ಪದದಲ್ಲಿ. ಇಂಗ್ಲಿಷಿನ ರಿಹ್ಯಾಬಿಲಿಟೇಶನ್ ಹುಟ್ಟಿದ್ದು ಲ್ಯಾಟಿನ್ನಿನ ಹ್ಯಾಬಿಲಿಸ್‌ನಿಂದ. ಕೈಗೆ ಒಗ್ಗುವ, ತಕ್ಕ, ಸಮರ್ಥ ಎಂಬುದು ಅದರ ಅರ್ಥ. ಏಬಲ್ ಎಂಬ ಮಾತೂ ಅದರದೇ ಸಂತಾನ. ಸ್ಥಾನಮಾನ ಕಳೆದುಕೊಂಡವನಿಗೆ ಅದನ್ನು ಮರಳಿ ಕೊಡುವುದಕ್ಕೆ ಯುರೋಪಿನ ಕಾನೂನಿನವರು ಆ ಪದವನ್ನು ಬಳಸುತ್ತಿದ್ದರು, ವೈದ್ಯರ ಕೈಗೆ ಅದು ಸಿಕ್ಕಿದ್ದು ಬಹಳ ತಡವಾಗಿ. ‘ವಾಸಿಸು’ ಎಂಬ ಅರ್ಥದ ಹ್ಯಾಬಿಟಾರೆ ಇನ್ನೊಂದು ಕವಲು. ಎರಡಕ್ಕೂ ‘ಹಿಡಿ, ಹೊಂದು’ ಎಂಬ ಒಂದೇ ಧಾತು ತಾಯಿಯಾದರೂ ಮಕ್ಕಳು ಬೇರೆ ಬೇರೆ. ನಮ್ಮ ಪದಕರ್ತರು ಸಾಮರ್ಥ್ಯದ ಮಗುವನ್ನು ಬಿಟ್ಟು ವಸತಿಯ ಮಗುವನ್ನು ಎತ್ತಿಕೊಂಡರು. ಹಿಂದಿಯ ಪುನರ್ವಾಸವೂ ಹಾಗೆಯೇ. ದೇಶ ವಿಭಜನೆಯಾದ 1947ರಲ್ಲಿ ಕೇಂದ್ರದಲ್ಲಿ ಪರಿಹಾರ ಮತ್ತು ಪುನರ್ವಸತಿಗೆಂದೇ ಸಚಿವಾಲಯ ಹುಟ್ಟಿತು. ನಿರಾಶ್ರಿತರಿಗೆ ಬೇಕಾಗಿದ್ದು ನಿಜಕ್ಕೂ ವಸತಿ, ಅಲ್ಲಿ ಪದ ಸರಿಯಾಗಿಯೇ ಕೂತಿತು. ಅದೇ ಅಂಗಿಯನ್ನು ಆಮೇಲೆ ಪೋಲಿಯೊ ತಗುಲಿದ ಮಗುವಿಗೂ ಸ್ಕಿಜೋಫ್ರೇನಿಯಾ ಇರುವ ಯುವಕನಿಗೂ ತೊಡಿಸಲಾಯಿತು. ಲಿಂಗನಮಕ್ಕಿ ಅಣೆಕಟ್ಟೆಯ ನೀರು ನಿಂತ ಶಿವಮೊಗ್ಗ ಜಿಲ್ಲೆಯಲ್ಲಿ ಆ ಪದ ಕೇಳಿದವರ ಕಣ್ಣ ಮುಂದೆ ಮುಳುಗಿದ ತೋಟವೇ ಬರುತ್ತದೆ. ಅಂಗವಿಕಲ ಹೋಗಿ ವಿಕಲಚೇತನ, ಅದರ ಬೆನ್ನಿಗೆ ವಿಶೇಷಚೇತನ ಎಂದು ಜನರ ಹೆಸರನ್ನು ತಿದ್ದಿ ತೀಡುವುದರಲ್ಲಿ ಸರ್ಕಾರ ತೋರುವ ಚುರುಕು ಯಾರಿಗೂ ಹೊಸದಲ್ಲ. ಕೊಡುವ ಸೇವೆಯ ಹೆಸರನ್ನು ಮಾತ್ರ ಯಾರೂ ಮುಟ್ಟಲಿಲ್ಲ.

ಕನ್ನಡದ ಬಳಿ ಪದ ಇಲ್ಲದೆ ಹೀಗಾಯಿತೇ ಎಂದರೆ ಅದೂ ಅಲ್ಲ. ಆರೈಕೆ ಎಂಬ ಪದವಿದೆ, ಅದರ ಹಾದಿ ‘ವಿಚಾರಿಸು’ ನಡೆದ ಹಾದಿಯೇ. ಹಳಗನ್ನಡದ ‘ಆರಯ್’ ಎಂದರೆ ಹುಡುಕು, ಪರೀಕ್ಷಿಸು, ವಿಚಾರಿಸು. ತಮಿಳಿನಲ್ಲಿ ಸಂಶೋಧನೆಗೆ ಹೇಳುವ ಆರಾಯ್ಚ್ಚಿ ಇದರದೇ ಬಳಗ. ಅದೇ ಕ್ರಿಯಾಪದ ಕನ್ನಡದಲ್ಲಿ ಸಲಹು, ಪೋಷಿಸು ಎಂಬ ಅರ್ಥವನ್ನೂ ಪಡೆಯಿತು. ನೆಂಟರನ್ನು ‘ಚೆನ್ನಾಗಿ ವಿಚಾರಿಸಿಕೊಂಡರು’ ಎನ್ನುವಾಗ ಊಟ ಬಡಿಸಿದರು ಎಂದೇ ಅರ್ಥವಾಗುವುದಿಲ್ಲವೇ? ಬಂದು ನೋಡುವುದು, ಕೇಳುವುದು, ಪತ್ತೆ ಮಾಡುವುದು ಆರೈಕೆಯ ಮೊದಲ ಅರ್ಥ. ಪ್ರೀತಿ, ಮಮತೆ ಆಮೇಲೆ ಬಂದು ಸೇರಿದವು.

ಪದದ ಬೆನ್ನು ಹತ್ತಿ ಇಷ್ಟು ದೂರ ಬರಲು ಕಾರಣವಿದೆ. ಅಂಗವೈಕಲ್ಯ ಇರುವವರ ಆರೋಗ್ಯಕ್ಕೆ ಮನೆ ಮೇಲೋ ಸಂಸ್ಥೆ ಮೇಲೋ ಎಂಬ ಪ್ರಶ್ನೆ ಪಶ್ಚಿಮದಿಂದ ಬಂದದ್ದು, ಅಲ್ಲಿ ಅದು ನ್ಯಾಯವಾದ ಪ್ರಶ್ನೆಯೂ ಹೌದು. ಅಮೆರಿಕದ ಸರ್ಕಾರಿ ಮಾನಸಿಕ ಆಸ್ಪತ್ರೆಗಳಲ್ಲಿ 1955ರಲ್ಲಿ ಐದೂವರೆ ಲಕ್ಷಕ್ಕೂ ಹೆಚ್ಚು ಮಂದಿ ಇದ್ದರು. ಸಮುದಾಯದಲ್ಲೇ ಚಿಕಿತ್ಸೆ ಕೊಡುವ ಕೇಂದ್ರಗಳನ್ನು ಕಟ್ಟುವ ಕಾಯ್ದೆಗೆ ಅಧ್ಯಕ್ಷ ಕೆನಡಿ 1963ರಲ್ಲಿ ಸಹಿ ಹಾಕಿದರು. ಆಸ್ಪತ್ರೆಗಳು ಖಾಲಿಯಾದಷ್ಟು ಬೇಗ ಕೇಂದ್ರಗಳು ಏಳಲಿಲ್ಲ, ಹೊರಬಂದವರಲ್ಲಿ ಎಷ್ಟೋ ಮಂದಿ ಬೀದಿ ಪಾಲಾದರು, ಜೈಲು ಸೇರಿದರು. ಸಮುದಾಯದಲ್ಲಿ ಬದುಕಬಲ್ಲವರನ್ನು ಸಂಸ್ಥೆಯಲ್ಲೇ ಕೂಡಿಹಾಕುವುದು ತಾರತಮ್ಯ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1999ರ ಓಮ್‌ಸ್ಟೆಡ್ ಪ್ರಕರಣದಲ್ಲಿ ಹೇಳಿತು.

ಮನೆಯ ಪರ ವಾದಿಸುವವರು ತಪ್ಪದೆ ಎತ್ತುವ ಹೆಸರು ಬೆಲ್ಜಿಯಮ್ಮಿನ ಗೇಲ್ ಪಟ್ಟಣದ್ದು. ಮನೋರೋಗಿಗಳನ್ನು ಬಾಡಿಗೆಯವರಂತೆ ಮನೆಯೊಳಗೆ ಇರಿಸಿಕೊಳ್ಳುವ ರೂಢಿ ಅಲ್ಲಿ ಶತಮಾನಗಳಿಂದ ಇದೆ, 1930ರ ದಶಕದ ಕೊನೆಗೆ ಅಂಥವರ ಸಂಖ್ಯೆ ಮೂರೂವರೆ ಸಾವಿರ ದಾಟಿತ್ತು. ಇದನ್ನು ಕುಟುಂಬ ಪ್ರೇಮದ ಕಥೆಯಾಗಿ ಹೇಳುವುದೇ ಹೆಚ್ಚು. ಹತ್ತೊಂಬತ್ತನೆಯ ಶತಮಾನದ ನಡುವಿನಿಂದ ಆ ವ್ಯವಸ್ಥೆ ಸರ್ಕಾರದ ಸುಪರ್ದಿಯಲ್ಲಿದ್ದದ್ದು, ಊರಲ್ಲೇ ಒಂದು ಆಸ್ಪತ್ರೆ ಇದ್ದದ್ದು, ದಾದಿಯರು ಮನೆಯಿಂದ ಮನೆಗೆ ತಿರುಗುತ್ತಿದ್ದದ್ದು ಆ ಕಥೆಯಲ್ಲಿ ಬರುವುದಿಲ್ಲ. ಅಲ್ಲಿ ಮನೆಯನ್ನು ಅದರ ಪಾಡಿಗೆ ಬಿಟ್ಟಿರಲಿಲ್ಲ.

ಭಾರತದಲ್ಲಿ ಪ್ರಶ್ನೆಯೇ ಬೇರೆ. ಇಲ್ಲಿ ಹೊರತರಬೇಕಾದಷ್ಟು ಮಂದಿ ಸಂಸ್ಥೆಗಳ ಒಳಗೆ ಇರಲೇ ಇಲ್ಲ, ಬಹುಪಾಲು ಮಂದಿ ಮೊದಲಿನಿಂದಲೂ ಮನೆಯಲ್ಲೇ ಇದ್ದಾರೆ. 2015-16ರಲ್ಲಿ 12 ರಾಜ್ಯಗಳಲ್ಲಿ ನಡೆದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆಯ ಪ್ರಕಾರ ತೀವ್ರ ಮನೋರೋಗ ಇರುವ ನಾಲ್ವರಲ್ಲಿ ಸುಮಾರು ಮೂವರಿಗೆ ಚಿಕಿತ್ಸೆ ಸಿಗುತ್ತಿರಲಿಲ್ಲ. ಮನೆ ಇತ್ತು, ಆರೈಕೆ ಇರಲಿಲ್ಲ. ಅಂದರೆ ಬಂದು ಆರಯ್ಯುವವರು ಇರಲಿಲ್ಲ.

ಕರ್ನಾಟಕದ ಪ್ರಯೋಗಗಳು ಮುಖ್ಯವಾಗುವುದು ಇದೇ ಕಾರಣಕ್ಕೆ. ಅವಕ್ಕೂ ಮೊದಲು ಅಮೃತಸರದ ಮಾನಸಿಕ ಆಸ್ಪತ್ರೆಯ ಅಂಗಳದಲ್ಲಿ 1950ರ ದಶಕದಲ್ಲಿ ಡಾ. ವಿದ್ಯಾಸಾಗರ್ ಡೇರೆ ಹಾಕಿಸಿ ರೋಗಿಗಳ ಜೊತೆ ಮನೆಯವರನ್ನೂ ಇರಿಸಿಕೊಂಡರು. ಬೆಂಗಳೂರಿನ ನಿಮ್ಹಾನ್ಸ್ 1970ರ ದಶಕದಲ್ಲಿ ನಗರದ ಬಳಿಯ ಸಕಲವಾರದಲ್ಲಿ ಕೇಂದ್ರ ತೆರೆದು, ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ ಮನೋರೋಗ ಗುರುತಿಸುವುದನ್ನು ಕಲಿಸತೊಡಗಿತು. ಅದೇ ಪಾಠ 1985ರಿಂದ ಇಡೀ ಬಳ್ಳಾರಿ ಜಿಲ್ಲೆಗೆ ಹೋಯಿತು. ಇಂದು ದೇಶದಾದ್ಯಂತ ಇರುವ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಬಳ್ಳಾರಿಯೇ ಮಾದರಿ.

ಪರಿಣಾಮವನ್ನು ಅಳೆದದ್ದು ಆಮೇಲೆ. ಆರ್. ಶ್ರೀನಿವಾಸಮೂರ್ತಿ, ಕೆ.ವಿ. ಕಿಶೋರ್‌ಕುಮಾರ್ ಮತ್ತು ಸಂಗಡಿಗರು ಗ್ರಾಮೀಣ ಕರ್ನಾಟಕದಲ್ಲಿ ಚಿಕಿತ್ಸೆ ಇಲ್ಲದೆ ಇದ್ದ 100 ಮಂದಿ ಸ್ಕಿಜೋಫ್ರೇನಿಯಾ ರೋಗಿಗಳಿಗೆ ಊರಲ್ಲೇ ಔಷಧಿ, ಬೆಂಬಲ ಕೊಟ್ಟು, ಮೂರು ತಿಂಗಳಿಗೊಮ್ಮೆ ಒಂದೂವರೆ ವರ್ಷ ಗಮನಿಸಿದರು. 2005ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ರೋಗಲಕ್ಷಣ, ವೈಕಲ್ಯ, ಕುಟುಂಬದ ಹೊರೆ ಮೂರೂ ಇಳಿದಿದ್ದವು. ಹಳ್ಳಿಗೆ ಹೋಗಿ ಬರುವ ಖರ್ಚು, ಮಾತ್ರೆಯ ಖರ್ಚು ಸೇರಿದರೂ ಮನೆಯವರ ದುಡಿಮೆಯ ಸಮಯ ಉಳಿದು ಲೆಕ್ಕ ಸರಿತೂಗಿತು. ಅದೇ ವರ್ಷ ಶುರುವಾದ ತೀರ್ಥಹಳ್ಳಿ ತಾಲೂಕಿನ ಕಾರ್ಯಕ್ರಮದಲ್ಲಿ, ಔಷಧಿ ತೆಗೆದುಕೊಂಡವರ ಮತ್ತು ತೆಗೆದುಕೊಳ್ಳದವರ ವೈಕಲ್ಯ ಹೇಗೆ ಬದಲಾಗುತ್ತದೆ ಎಂದು ಹೋಲಿಸಿ ನೋಡಲಾಯಿತು. ಚಿಕಿತ್ಸೆ ಪಡೆದವರಲ್ಲಿ ವೈಕಲ್ಯ ಕಡಿಮೆಯಾಗಿತ್ತು. ಈ ಅಧ್ಯಯನದ ಮುಂದಾಳು ನಿಮ್ಹಾನ್ಸ್‌ನ ಡಾ. ಜಗದೀಶ ತೀರ್ಥಹಳ್ಳಿ, ಊರೂ ಹೆಸರೂ ಹೀಗೆ ಕೂಡಿಬರುವುದು ಅಪರೂಪ.

ಇಲ್ಲಿ ಬಳಸಿದ ಅಳತೆಗೋಲು ಭಾರತೀಯ ಮನೋವೈದ್ಯರ ಸಂಘ ರೂಪಿಸಿದ ಐಡಿಯಾಸ್. ತನ್ನನ್ನು ತಾನು ನೋಡಿಕೊಳ್ಳುವುದು, ಜನರೊಂದಿಗೆ ಒಡನಾಟ, ಮಾತು ಮತ್ತು ತಿಳಿವಳಿಕೆ, ದುಡಿಮೆ ಎಂಬ ನಾಲ್ಕು ಬಾಬತ್ತುಗಳಿಗೆ ಅದರಲ್ಲಿ ಅಂಕ. ಮನೋರೋಗದ ವೈಕಲ್ಯ ಪ್ರಮಾಣಪತ್ರಕ್ಕೂ ಅದೇ ಅಳತೆಗೋಲು, ಶೇ 40 ಮುಟ್ಟದವರಿಗೆ ಬಹುತೇಕ ಸೌಲಭ್ಯಗಳಿಲ್ಲ. ಆರೈಕೆ ಚೆನ್ನಾಗಿ ಫಲಿಸಿದರೆ ಮಾಸಾಶನ ಕೈತಪ್ಪುತ್ತದೆ ಎಂಬ ಅಂಜಿಕೆಗೆ ಎಡೆಗೊಡುವ ಈ ವ್ಯವಸ್ಥೆಯ ಬಗ್ಗೆ ತಜ್ಞರ ಸಭೆಗಳಲ್ಲಿ ಮಾತು ಕಡಿಮೆ.

ಮನೆ ಭೇಟಿ ಯಾಕೆ ಕೆಲಸ ಮಾಡುತ್ತದೆ ಎಂಬುದು ಮಲೆನಾಡಿನ ಯಾವುದೇ ಜಗಲಿಯಲ್ಲಿ ಕಾಣುತ್ತದೆ. ಆಶಾ ಕಾರ್ಯಕರ್ತೆ ಚಪ್ಪಲಿ ಕಳಚಿ ಒಳಗೆ ಬರುತ್ತಾಳೆ. ಮಂಚದ ಕೆಳಗೆ ಗೆರಟೆಯ ತುಂಬ ಮೋಟು ಬೀಡಿ, ಕಿಟಕಿಯ ದಂಡೆಯಲ್ಲಿ ಎರಡು ಮಾತ್ರೆ ಮಾತ್ರ ಒಡೆದ ಪಟ್ಟಿ. ತಾಲೂಕು ಆಸ್ಪತ್ರೆಯ ವೈದ್ಯರು “ಮಾತ್ರೆ ತಗೋತಿದಾನಾ?” ಎಂದರೆ ಅಮ್ಮ “ಹೌದು” ಎಂದೇ ಹೇಳುತ್ತಾಳೆ, ಮಾತ್ರೆಯ ಪಟ್ಟಿಯೂ ಗೆರಟೆಯೂ ಸುಳ್ಳು ಹೇಳುವುದಿಲ್ಲ. ಬೀಡಿಯ ಹೊಗೆ ಒಲಾಂಜಪಿನ್, ಕ್ಲೋಜಪಿನ್ ಮಾತ್ರೆಗಳನ್ನು ಪಿತ್ತಜನಕಾಂಗ ಬೇಗ ಕರಗಿಸುವಂತೆ ಮಾಡುತ್ತದೆ, ರಕ್ತದಲ್ಲಿ ಔಷಧಿಯ ಮಟ್ಟ ಇಳಿಯುತ್ತದೆ. ಮಾತ್ರೆ ಸರಿಯಾಗಿ ನುಂಗದ ಕಡೆ ಹದಿನೈದು ದಿನಕ್ಕೋ ತಿಂಗಳಿಗೋ ಒಂದು, ಮೈಯಲ್ಲಿ ನಿಧಾನವಾಗಿ ಕರಗುವ ಡಿಪೋ ಇಂಜೆಕ್ಷನ್ ಸಾಕು, ಕೊಡುವವರು ಬಂದರೆ. ತೀವ್ರ ಮನೋರೋಗ ಇರುವವರು ಉಳಿದವರಿಗಿಂತ 10ರಿಂದ 20 ವರ್ಷ ಮೊದಲೇ ಸಾಯುತ್ತಾರೆ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅದರಲ್ಲಿ ಹೃದಯ, ಶ್ವಾಸಕೋಶದ ಕಾಯಿಲೆಗಳ ಪಾಲು ದೊಡ್ಡದು. ಬಿಪಿ, ಸಕ್ಕರೆ ನೋಡುವ ಕೈ ಮನೆಗೇ ಬಂದರೆ ಉಳಿಯುವುದು ಮನಸ್ಸೊಂದೇ ಅಲ್ಲ.

ಹಾಗೆಂದು ಇದನ್ನು ಪವಾಡ ಎನ್ನುವಂತಿಲ್ಲ. ಗೋವಾ, ಸಾತಾರಾ ಮತ್ತು ತಮಿಳುನಾಡಿನ ಕಾಂಚೀಪುರ ಭಾಗದಲ್ಲಿ 282 ಮಂದಿಯನ್ನು ಒಂದು ವರ್ಷ ಗಮನಿಸಿದ ಕಾಪ್ಸಿ ಪ್ರಯೋಗ 2014ರಲ್ಲಿ ‘ಲ್ಯಾನ್ಸೆಟ್’ನಲ್ಲಿ ಬಂತು. ತರಬೇತಾದ ಊರ ಕಾರ್ಯಕರ್ತರು ಮನೆಗೆ ಹೋದ ಗುಂಪಿನಲ್ಲಿ ಲಕ್ಷಣಗಳೂ ವೈಕಲ್ಯವೂ ಹೆಚ್ಚು ಇಳಿದವು, ಆದರೆ ವ್ಯತ್ಯಾಸ ದೊಡ್ಡದಲ್ಲ. ಕಳಂಕದ ಭಾವನೆಯಂತೂ ಕದಲಲಿಲ್ಲ.

ಮನೆ ಎಂದರೆ ಯಾರು ಎಂಬುದೂ ಈ ಲೆಕ್ಕಕ್ಕೆ ಸೇರಬೇಕು. ಬಹಳ ಕಡೆ ಅದು ಐವತ್ತು ದಾಟಿದ, ಮಂಡಿನೋವಿನ ಒಬ್ಬ ತಾಯಿ. ಕೇರಳದ ಆಶ್ವಾಸಕಿರಣಂ ಯೋಜನೆ ಇಂಥವರಿಗೆ ತಿಂಗಳಿಗೆ 600 ರೂಪಾಯಿ ನಿಗದಿ ಮಾಡಿತು. ಕರ್ನಾಟಕ 2024-25ರ ಬಜೆಟ್‌ನಲ್ಲಿ ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೋಫಿ, ಪಾರ್ಕಿನ್ಸನ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರ ಆರೈಕೆದಾರರಿಗೆ ತಿಂಗಳಿಗೆ 1,000 ರೂಪಾಯಿ ಘೋಷಿಸಿತು. ಆ ಪಟ್ಟಿಯಲ್ಲಿ ಸ್ಕಿಜೋಫ್ರೇನಿಯಾ ಇಲ್ಲ. ಆಶಾ ಅಲ್ಲದೆ ಇಂಥ ಮನೆಗಳಿಗೆ ಹೋಗುವವರು ಗ್ರಾಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರು (ವಿಆರ್‌ಡಬ್ಲ್ಯು), ಅವರೂ ಅಂಗವಿಕಲರೇ, ಗೌರವಧನದ ಮೇಲೆ ದುಡಿಯುವವರು.

ಆ ತಾಯಿ ತೀರಿಕೊಂಡ ಮೇಲೆ ವಿಷಯ ಮತ್ತೆ ಪದಕ್ಕೇ ಬಂದು ನಿಲ್ಲುತ್ತದೆ. 43 ಸರ್ಕಾರಿ ಮಾನಸಿಕ ಆಸ್ಪತ್ರೆಗಳ ಬಗ್ಗೆ 2019ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಒಳರೋಗಿಗಳ ಪೈಕಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಮಂದಿ ಒಂದು ವರ್ಷ ಮೀರಿ ಅಲ್ಲೇ ಇದ್ದವರು. ಇವರಲ್ಲಿ ಅನೇಕರಿಗೆ ಹೋಗಲು ಮನೆ ಇಲ್ಲ. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ ಮನೆ ಆಧಾರಿತ ಪುನರ್ವಸತಿಯ ಜೊತೆಗೆ ಆಸರೆಯುಳ್ಳ ವಸತಿಯನ್ನೂ ಸರ್ಕಾರದ ಹೊಣೆ ಎಂದಿದೆ. ಪದಕರ್ತರು ಎಡವಿ ಸೇರಿಸಿದ ‘ವಸತಿ’ ಕಾಯ್ದೆಯ ಈ ಜಾಗದಲ್ಲಿ ತಪ್ಪಾಗಿ ಕಾಣುವುದಿಲ್ಲ. ಪಡಸಾಲೆಯ ರೈತರೂ ಕಾರ್ಡಿಗಾಗಿ ಬಂದಿರಲಿಲ್ಲ. ಅದು ಅವರ ಜೇಬಿನಲ್ಲೇ ಇತ್ತು. “ನಂಗೆ ಎಪ್ಪತ್ತನಾಲ್ಕು ಸಾರ್,” ಎಂದರು, “ನಾನು ಹೋದ ಮೇಲೆ ಅವನು ಇರೋದಕ್ಕೆ ಎಲ್ಲಾದ್ರೂ ಜಾಗ ಇದೆಯಾ?” ಗುಮಾಸ್ತರು ಆ ಅರ್ಜಿಗೆ ನಮೂನೆ ಹುಡುಕುತ್ತಿದ್ದರು.