ಸಮ್ಮತಿ ಎಂಬ ಮಾತು

ಕನ್ನಡ ಮೇಷ್ಟರಿಗೆ ಊರಿನಲ್ಲಿ ಒದಗಿಬರುವ ಕೆಲಸಗಳು ವಿಚಿತ್ರವಾದವು. ಲಗ್ನಪತ್ರಿಕೆಯ ಒಕ್ಕಣೆ ತಿದ್ದಿಕೊಡಿ ಎಂದು ಒಬ್ಬರು, ಸನ್ಮಾನಪತ್ರ ಬರೆದುಕೊಡಿ ಎಂದು ಇನ್ನೊಬ್ಬರು. ಕಳೆದ ತಿಂಗಳು ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಒಂದು ಹಾಳೆ ಹಿಡಿದು ಮನೆಗೆ ಬಂದಳು. ಸರ್ಕಾರಿ ಆಸ್ಪತ್ರೆಯೊಂದರಲ್ಲಿ ಆಕೆ ಈಗ ಆಪ್ತಸಮಾಲೋಚಕಿ; ಅತ್ಯಾಚಾರಕ್ಕೆ, ಮನೆಯೊಳಗಿನ ಹಿಂಸೆಗೆ ಗುರಿಯಾಗಿ ಬರುವ ಹೆಂಗಸರೊಡನೆ, ಮಕ್ಕಳೊಡನೆ ಮಾತನಾಡುವುದು ಅವಳ ಕೆಲಸ. ಹಾಳೆಯು ವೈದ್ಯಕೀಯ ಪರೀಕ್ಷೆಗೆ ಮುನ್ನ ಸಹಿ ಮಾಡಿಸಿಕೊಳ್ಳುವ ಒಪ್ಪಿಗೆಯ ಪತ್ರ. “ಸರ್, ಇದನ್ನು ಅರ್ಥವಾಗುವ ಕನ್ನಡಕ್ಕೆ ತಿರುಗಿಸಿಕೊಡಿ. ನಾನೇ ಎರಡು ಸಲ ಓದಬೇಕಾಯಿತು” ಎಂದಳು.

‘ಸದರಿ ಸಂತ್ರಸ್ತೆಯಾದ ನಾನು ಮೇಲ್ಕಂಡ ಪರೀಕ್ಷೆಗೆ ಸಮ್ಮತಿಸಿರುತ್ತೇನೆ’ ಎಂಬ ಧಾಟಿಯ ವಾಕ್ಯ. ಕಚೇರಿಯ ಕನ್ನಡದ ಮೇಲೆ ನಮಗಿರುವ ದೂರು ಹಳೆಯದು, ಇಲ್ಲಿ ಬೆಳೆಸುವುದಿಲ್ಲ. ನನ್ನನ್ನು ತಡೆದು ನಿಲ್ಲಿಸಿದ್ದು ಬೇರೆ. ಒಪ್ಪುತ್ತೇನೆ ಎನ್ನಲು ಆ ಹಾಳೆಯಲ್ಲಿ ಎಡೆಯಿತ್ತು, ಒಪ್ಪುವುದಿಲ್ಲ ಎನ್ನಲು ಇರಲಿಲ್ಲ. ಬೇಡವೆನ್ನಲು ಬಾರದ ಕಡೆ ಹೂಂಗುಟ್ಟಿದ್ದಕ್ಕೆ ಸಮ್ಮತಿ ಎಂಬ ಹೆಸರು ಸಲ್ಲುತ್ತದೆಯೇ? ಕೇಳದೆ ಮುಟ್ಟಿದ ಅನ್ಯಾಯವೇ ಆಕೆಯನ್ನು ಅಲ್ಲಿಗೆ ತಂದದ್ದು.

ಇದು ಮೇಷ್ಟರ ಭಾವುಕತೆಯೆಂದು ಓದುಗರು ತಿಳಿಯಬಾರದು. ಕೇಂದ್ರ ಆರೋಗ್ಯ ಸಚಿವಾಲಯವು 2014ರಲ್ಲಿ ಹೊರಡಿಸಿದ ಮಾರ್ಗಸೂಚಿಯೇ ಹೀಗೆ ಹೇಳುತ್ತದೆ: ಪರೀಕ್ಷೆಯ ಯಾವ ಭಾಗವನ್ನಾದರೂ ಆಕೆ ಬೇಡವೆನ್ನಬಹುದು, ಬೇಡವೆಂದಳೆಂದು ಚಿಕಿತ್ಸೆಯನ್ನು ನಿರಾಕರಿಸುವಂತಿಲ್ಲ. ಪೊಲೀಸರಿಗೆ ದೂರು ಕೊಡದೆ ನೇರವಾಗಿ ಬಂದವಳಿಗೂ ಚಿಕಿತ್ಸೆ ಸಲ್ಲಬೇಕು. 2013ರ ತಿದ್ದುಪಡಿ ಕಾಯಿದೆಯು ಸರ್ಕಾರಿ, ಖಾಸಗಿ ಎಂಬ ಭೇದವಿಲ್ಲದೆ ಉಚಿತ ಚಿಕಿತ್ಸೆಯನ್ನು ಎಲ್ಲ ಆಸ್ಪತ್ರೆಗಳ ಕರ್ತವ್ಯವಾಗಿಸಿತು. ತಪ್ಪಿದ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಸೆರೆವಾಸ ವಿಧಿಸಬಹುದು. 2024ರ ಜುಲೈಯಲ್ಲಿ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲೂ ಈ ವಿಧಿ ಉಳಿದಿದೆ. ಎಚ್‌ಐವಿ ತಡೆಯುವ ಔಷಧಿಯನ್ನು 72 ಗಂಟೆಗಳೊಳಗೆ ಆರಂಭಿಸಿ 28 ದಿನ ಸೇವಿಸಬೇಕು. “ಮೊದಲು ಠಾಣೆಗೆ ಹೋಗಿ ಬನ್ನಿ” ಎಂದು ಬಾಗಿಲಿನಿಂದಲೇ ಹಿಂದಿರುಗಿಸಿದರೆ ಕಳೆದುಹೋಗುವುದು ಆ ಗಂಟೆಗಳೇ.

ಮಾತಿನಿಂದ ಆಗುವ ಗಾಯವೂ ಉಂಟು. ವೈದ್ಯರು ಎರಡು ಬೆರಳಿನ ಪರೀಕ್ಷೆ ನಡೆಸಿ, ಆಕೆ ಸಂಭೋಗಕ್ಕೆ ‘ರೂಢಿಯಾದವಳು’ ಎಂದು ಬರೆಯುತ್ತಿದ್ದ ಕಾಲವಿತ್ತು. ಆ ಪರೀಕ್ಷೆ ಹೆಣ್ಣಿನ ಘನತೆಗೆ ಧಕ್ಕೆಯೆಂದು ಸರ್ವೋಚ್ಚ ನ್ಯಾಯಾಲಯ 2013ರಲ್ಲಿ ಹೇಳಿತು. ಮಾಡುವವರು ದುರ್ನಡತೆಯ ದೋಷಿಗಳೆಂದು 2022ರಲ್ಲಿ ಮತ್ತೆ ಹೇಳಬೇಕಾಯಿತು. ವೈದ್ಯರನ್ನಷ್ಟೇ ಏಕೆ ದೂರಲಿ? ಮಾನಭಂಗ, ಶೀಲಭಂಗ ಎಂಬ ಸಮಾಸಗಳನ್ನು ನಾನೂ ವರ್ಷಗಟ್ಟಲೆ ಬಿಡಿಸಿ ಹೇಳಿದ್ದೇನೆ. ಭಂಗವಾದದ್ದು ಯಾರ ಮಾನ ಎಂದು ಒಮ್ಮೆಯೂ ತರಗತಿಯಲ್ಲಿ ಕೇಳಲಿಲ್ಲ.

ಇಂಥ ನೆರವು ಆಸ್ಪತ್ರೆಯೊಳಗೇ ಏಕಿರಬೇಕು ಎಂದು ಆಕೆಯನ್ನು ಕೇಳಿದೆ. “ಠಾಣೆಯ ಮೆಟ್ಟಿಲು ಹತ್ತಿದರೆ ಊರೆಲ್ಲ ಕೇಳುತ್ತದೆ ಸರ್. ಆಸ್ಪತ್ರೆಗಾದರೆ ಜ್ವರ ಎಂದರಾಯಿತು” ಎಂದಳು. ಈ ತಿಳಿವಳಿಕೆಯಿಂದಲೇ ಇರಬೇಕು, ಮುಂಬಯಿಯ ನಗರಪಾಲಿಕೆಯೂ ಸೆಹತ್ ಎಂಬ ಸಂಸ್ಥೆಯೂ ಕೂಡಿ 2000ದ ಸುಮಾರಿಗೆ ಬಾಂದ್ರಾದ ಭಾಭಾ ಆಸ್ಪತ್ರೆಯಲ್ಲಿ ‘ದಿಲಾಸಾ’ ಕೇಂದ್ರವನ್ನು ತೆರೆದು, ಆಸ್ಪತ್ರೆಯ ಸಿಬ್ಬಂದಿಗೇ ತರಬೇತಿ ಕೊಟ್ಟವು. ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ‘ಗೆಳತಿ’ ಘಟಕಗಳಿವೆ. 2015ರಿಂದ ಕೇಂದ್ರದ ‘ಸಖಿ’ ಯೋಜನೆಯಿದೆ. ಹೆಸರುಗಳೇನೋ ಸೊಗಸಾಗಿವೆ. ಆದರೆ ನಡುರಾತ್ರಿ ಬಂದವಳಿಗೆ ಗೆಳತಿಯೆಂದರೆ ಫಲಕವಲ್ಲ, ಎಚ್ಚರವಾಗಿ ಕುಳಿತ ಒಬ್ಬ ಹೆಂಗಸು. ಅವಳಿಗೆ ಕಾಯಂ ಹುದ್ದೆ, ತಿಂಗಳು ತಿಂಗಳೂ ಸಂಬಳ ಬೇಡವೇ? ನನ್ನ ವಿದ್ಯಾರ್ಥಿನಿಯ ಕೆಲಸ ಗುತ್ತಿಗೆಯದು.

ಪತ್ರವನ್ನು ತಿದ್ದಿದೆ. ‘ನಿಮ್ಮನ್ನು ಮುಟ್ಟುವ ಮೊದಲು ಪ್ರತಿ ಸಲವೂ ಕೇಳುತ್ತೇವೆ. ಬೇಡವೆಂದರೆ ನಿಲ್ಲಿಸುತ್ತೇವೆ. ಚಿಕಿತ್ಸೆ ನಿಲ್ಲುವುದಿಲ್ಲ’ ಎಂದು ಆರಂಭ. ಆಕೆ ಮೆಲ್ಲಗೆ ಗಟ್ಟಿಯಾಗಿ ಓದಿಕೊಂಡಳು. ಆಮೇಲೆ, “ಹನ್ನೆರಡು ತುಂಬದ ಮಕ್ಕಳಿಗೆ ಹೆತ್ತವರು ಸಹಿ ಹಾಕುತ್ತಾರೆ ಸರ್. ಆದರೂ ಮಗುವಿಗೇ ಓದಿ ಹೇಳಲು ಇನ್ನೊಂದು ಹಾಳೆ ಬೇಕು” ಎಂದಳು. ಅದನ್ನು ಮೂರು ಸಲ ಬರೆದು ಹರಿದಿದ್ದೇನೆ.