ಎಕರೆಗೊಂದು ರೂಪಾಯಿ

ಹಿರೇಕೆರೂರ ಸೀಮೆಯ ಮಾಸೂರನ್ನು ಬಲ್ಲವರು ಅಲ್ಲಿಯ ಮದಗದ ಕೆರೆಯನ್ನೂ ಬಲ್ಲರು. ಗುಡ್ಡಗಳ ನಡುವೆ ಕುಮುದ್ವತಿ ನದಿಯನ್ನು ತಡೆದು ಹಿಂದಿನವರು ಕಟ್ಟಿಸಿದ ಆ ಕೆರೆ ಯಾರದು ಎಂಬ ಪ್ರಶ್ನೆಗೆ ಎರಡು ಉತ್ತರಗಳಿವೆ. ಕಚೇರಿಯ ದಫ್ತರವನ್ನು ತೆರೆದವರು ‘ಸರಕಾರದ್ದು’ ಎನ್ನುತ್ತಾರೆ. ಏರಿಯ ಕೆಳಗೆ ಗದ್ದೆ ಮಾಡುವವನಿಗಾದರೋ ಪ್ರಶ್ನೆಯೇ ವಿಚಿತ್ರವೆನಿಸೀತು. ಊರ ಕೆರೆ ಊರಿನದಲ್ಲದೆ ಮತ್ತಾರದು?

ಕೆರೆಗಳ ಮಟ್ಟಿಗೆ ಈ ಎರಡು ಉತ್ತರಗಳು ಬಹುಕಾಲ ಹೆಚ್ಚು ಜಗಳವಿಲ್ಲದೆ ಒಟ್ಟಿಗೆ ಬಾಳಿಕೊಂಡು ಬಂದಿವೆ. ದನ ಮೇಯುವ ಬಯಲಿನ ವಿಷಯದಲ್ಲಿ ಮಾತ್ರ ಒಮ್ಮೆ ಅವು ಎದುರುಬದುರಾಗಿ ನಿಂತವು. ಅದು ನಡೆದದ್ದು ನೆರೆಯ ಹಾನಗಲ್ಲ ತಾಲೂಕಿನ ಕುಸನೂರಿನಲ್ಲಿ, 1987ನೆಯ ಇಸವಿಯಲ್ಲಿ.

ಉತ್ತರ ಕರ್ನಾಟಕದಲ್ಲಿ ಗಾಯರಾಣವೆಂದೂ ಹಳೆಯ ಮೈಸೂರಿನಲ್ಲಿ ಗೋಮಾಳವೆಂದೂ ಕರೆಸಿಕೊಳ್ಳುವ ನೆಲವನ್ನು ಪಟ್ಟಣದ ಕಣ್ಣು ಪಾಳುಭೂಮಿಯೆಂದೇ ಎಣಿಸುತ್ತದೆ. ಕಂದಾಯದ ಕಾಗದಗಳಲ್ಲಿ ಅದಕ್ಕೆ ‘ಸಿ’ ಮತ್ತು ‘ಡಿ’ ವರ್ಗದ ಜಮೀನೆಂದು ಹೆಸರು. ಉಳುಮೆಗೆ ಬಾರದ ನೆಲ, ನಿಜ. ಆದರೆ ಬಡವನ ಮನೆಯ ಒಲೆಗೆ ಸೌದೆ, ಹಸುವಿಗೆ ಹುಲ್ಲು, ನೇಗಿಲಿಗೆ ಮರ, ಗುಡಿಸಲಿಗೆ ಹೊದಿಕೆ, ಬುಟ್ಟಿಗೆ ಕಡ್ಡಿ, ಎಲ್ಲವೂ ಬರುವುದು ಅಲ್ಲಿಂದಲೇ. ಸಾಗುವಳಿಯಾಗದ ನೆಲವೆಲ್ಲ ಸರಕಾರದ ಸೊತ್ತೆಂಬ ವಿಧಿಯನ್ನು ಮಾಡಿದವರು ಬ್ರಿಟಿಷರು. ಅದನ್ನು ಒಪ್ಪದೆ 1930ರ ಅರಣ್ಯ ಸತ್ಯಾಗ್ರಹದಲ್ಲಿ ಈ ಭಾಗದ ಜನರು ಶಿಂದಿಯ ಗಿಡಗಳನ್ನು ಕಡಿದು ಸೆರೆಮನೆ ಕಂಡರು. ಸ್ವರಾಜ್ಯ ಬಂದಿತು. ಆಳುವವರು ಬದಲಾದರೂ ವಿಧಿ ಹಾಗೆಯೇ ಉಳಿಯಿತು.

1984ರ ನವೆಂಬರ್ 14ರಂದು ಕರ್ನಾಟಕ ಸರಕಾರವು ಹರಿಹರ ಪಾಲಿಫೈಬರ್ಸ್ ಎಂಬ ಬಿರ್ಲಾ ಒಡೆತನದ ಉದ್ಯಮದೊಡನೆ ಒಂದು ಒಪ್ಪಂದಕ್ಕೆ ಬಂದು, ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಕಂಪನಿಯನ್ನು ಸ್ಥಾಪಿಸಿತು. ಸರಕಾರದ ಪಾಲು ಶೇಕಡಾ 51, ಕಾರ್ಖಾನೆಯದು 49. ಪಟ್ಟಣದ ಮನೆಗಳ ಕಪಾಟುಗಳಲ್ಲಿ ನುಣುಪಾಗಿ ಮಡಿಸಿಟ್ಟಿರುವ ರೇಯಾನ್ ಬಟ್ಟೆಗೆ ಮೂಲದ್ರವ್ಯ ಮರದ ತಿರುಳು. ಅದಕ್ಕಾಗಿ ಬೇಗ ಬೆಳೆಯುವ ನೀಲಗಿರಿ ಮರ ಬೇಕು. ಮರ ಬೆಳೆಯಲು ನಾಲ್ಕು ಜಿಲ್ಲೆಗಳಲ್ಲಿ 30,000 ಹೆಕ್ಟೇರು, ಅಂದರೆ ಸುಮಾರು 75,000 ಎಕರೆ ಸಾಮೂಹಿಕ ಭೂಮಿಯನ್ನು ಗುರುತಿಸಲಾಯಿತು. ಗೇಣಿಯ ಅವಧಿ 40 ವರ್ಷ. ದರ ವರ್ಷಕ್ಕೆ ಎಕರೆಗೊಂದು ರೂಪಾಯಿ! ಬೆಳೆದ ಮರದಲ್ಲಿ ಶೇಕಡಾ 87.5 ಭಾಗ ನೇರವಾಗಿ ಕಾರ್ಖಾನೆಗೆ ಸಲ್ಲಬೇಕು. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ರೂಪಾಯಿಗೆ 14 ಆಣೆ. ಮಿಕ್ಕ 2 ಆಣೆಯ ಪಾಲನ್ನೂ ಕೊಳ್ಳುವ ಅವಕಾಶ ಕಾರ್ಖಾನೆಗೇ ಇತ್ತು. ದನಕರುಗಳು ನೀಲಗಿರಿಯ ಎಲೆಯನ್ನು ಮೂಸಿಯೂ ನೋಡವೆಂಬುದು ಹಳ್ಳಿಯ ಮಕ್ಕಳಿಗೂ ಗೊತ್ತು. ಹಾಗಾಗಿ ಹಳ್ಳಿಯ ಪಾಲಿಗೆ ಉಳಿದದ್ದೇನೆಂಬುದನ್ನು ಬೇರೆಯಾಗಿ ಹೇಳಬೇಕಾಗಿಲ್ಲ.

ಈ ಕರಾರಿಗೆ ಸಹಿ ಹಾಕಿದ್ದು ಯಾವುದೋ ನಿರಂಕುಶ ಸರಕಾರವಲ್ಲ. ಆಗ ರಾಜ್ಯದ ಮುಖ್ಯಮಂತ್ರಿಯಾಗಿದ್ದವರು ರಾಮಕೃಷ್ಣ ಹೆಗಡೆಯವರು. ದಿಲ್ಲಿಯ ಅಧಿಕಾರಕ್ಕೆ ಮೇರೆಯಿರಬೇಕು, ರಾಜ್ಯಗಳ ಮಾತಿಗೆ ಬೆಲೆಯಿರಬೇಕೆಂದು 1983ರ ಮಾರ್ಚಿಯಲ್ಲಿ ದಕ್ಷಿಣದ ಮುಖ್ಯಮಂತ್ರಿಗಳನ್ನು ಬೆಂಗಳೂರಿನಲ್ಲಿ ಕೂಡಿಸಿದವರೇ ಅವರು. ಕೇಂದ್ರ-ರಾಜ್ಯ ಸಂಬಂಧಗಳನ್ನು ಪರಿಶೀಲಿಸಲು ಸರ್ಕಾರಿಯಾ ಆಯೋಗ ನೇಮಕವಾದದ್ದೂ ಅದೇ ವರ್ಷ. ಅವರ ಸಚಿವ ಅಬ್ದುಲ್ ನಜೀರ್ ಸಾಬರು ಮಂಡಲ ಪಂಚಾಯತಿಗಳನ್ನು ಕಟ್ಟಿ ಹಳ್ಳಿಗೆ ಅಧಿಕಾರ ಕೊಡಲು ದುಡಿಯುತ್ತಿದ್ದರು. 1987ರ ಜನವರಿಯಲ್ಲಿ ಆ ಪಂಚಾಯತಿಗಳಿಗೆ ಚುನಾವಣೆಯೂ ನಡೆಯಿತು. ಇಂಥ ಸರಕಾರಕ್ಕೂ ಹಳ್ಳಿಯ ಗಾಯರಾಣವನ್ನು ಎತ್ತಿ ಕೊಡುವಾಗ ಹಳ್ಳಿಯನ್ನು ಒಂದು ಮಾತು ಕೇಳಬೇಕೆಂದು ತೋಚಲಿಲ್ಲ. ದಿಲ್ಲಿಯಿಂದ ತನಗೆ ಯಾವುದನ್ನು ಅನ್ಯಾಯವೆಂದು ಬಗೆದಿತ್ತೋ ಅದನ್ನೇ ಬೆಂಗಳೂರು ಹಳ್ಳಿಗೆ ಮಾಡಿತು. ಅಧಿಕಾರವು ಮೇಲಿನಿಂದ ಕೆಳಗೆ ನೋಡುವಾಗ ಕಣ್ಣಿಗೆ ಪೊರೆ ಬರುವುದು ಹೊಸ ಸಂಗತಿಯೇನಲ್ಲ.

ಮಾಸೂರ ಕೆರೆಯನ್ನು ದಾಟಿದ ಕುಮುದ್ವತಿ ಕೊನೆಗೆ ಸೇರುವುದು ತುಂಗಭದ್ರೆಯನ್ನು. ಹರಿಹರ ಪಾಲಿಫೈಬರ್ಸ್ ಕಾರ್ಖಾನೆ ನಿಂತಿದ್ದುದು ಆ ತುಂಗಭದ್ರೆಯ ದಡದ ಕುಮಾರಪಟ್ಟಣದಲ್ಲಿ. ಕಾರ್ಖಾನೆಯ ಕೊಳೆನೀರು ನದಿಯನ್ನು ಕೆಡಿಸಿತೆಂದು ಹಳ್ಳಿಗರ ಚಳವಳಿ ಆಗಲೇ ಎದ್ದಿತ್ತು. ಅಮೆರಿಕದಲ್ಲಿ ಉದ್ಯೋಗದಲ್ಲಿದ್ದು ಸ್ವದೇಶಕ್ಕೆ ಮರಳಿದ ಎಸ್. ಆರ್. ಹಿರೇಮಠರು ಮತ್ತು ಅವರ ಗೆಳೆಯರು ಧಾರವಾಡದಲ್ಲಿ ಕಟ್ಟಿದ ಸಮಾಜ ಪರಿವರ್ತನ ಸಮುದಾಯಕ್ಕೆ ಈ ಚಳವಳಿಯೇ ಮೊದಲ ಪಾಠಶಾಲೆ. ನದಿಯ ಹೋರಾಟದಲ್ಲಿ ಕೂಡಿದ ಕೈಗಳೇ ನೆಲದ ಹೋರಾಟಕ್ಕೂ ಒದಗಿದವು.

ಅವರು ಮೊದಲು ಹಿಡಿದದ್ದು ನ್ಯಾಯಾಲಯದ ದಾರಿ. ಸಾರ್ವಜನಿಕ ಭೂಮಿಯನ್ನು ಹೀಗೆ ಖಾಸಗಿ ಲಾಭಕ್ಕೆ ಒಪ್ಪಿಸುವುದು ಸಂವಿಧಾನದ 14 ಮತ್ತು 21ನೆಯ ಅನುಚ್ಛೇದಗಳಿಗೆ ವಿರುದ್ಧವೆಂಬುದು ಸರ್ವೋಚ್ಚ ನ್ಯಾಯಾಲಯದ ಮುಂದೆ ಅವರ ವಾದ. ಒಂದು ಸಮಾನತೆಯ ಹಕ್ಕು, ಇನ್ನೊಂದು ಬದುಕುವ ಹಕ್ಕು. ಹುಲ್ಲು ಸೌದೆಗಳನ್ನು ಕಿತ್ತುಕೊಳ್ಳುವುದೆಂದರೆ ಬದುಕನ್ನೇ ಕಿತ್ತುಕೊಳ್ಳುವುದೆಂದು ಬಿಡಿಸಿ ಹೇಳಿದ ಅರ್ಜಿ ಅದು. ಅರ್ಜಿದಾರರಲ್ಲಿ ಕೋಟ ಶಿವರಾಮ ಕಾರಂತರೂ ಒಬ್ಬರು. 1987ರ ಮಾರ್ಚಿ 24ರಂದು ನ್ಯಾಯಾಲಯವು ಇನ್ನಷ್ಟು ಭೂಮಿಯ ಹಸ್ತಾಂತರಕ್ಕೆ ತಡೆ ನೀಡಿತು. ಆದರೆ ಅಷ್ಟರಲ್ಲೇ ಕೈಬಿಟ್ಟು ಹೋದ ನೆಲದ ಗತಿಯೇನು? ಕುಸನೂರಿನಲ್ಲಿ ಸುಮಾರು 400 ಹೆಕ್ಟೇರು ಆಗಲೇ ಕಂಪನಿಯ ಸ್ವಾಧೀನದಲ್ಲಿತ್ತು.

ಒಪ್ಪಂದಕ್ಕೆ ಮೂರು ವರ್ಷ ತುಂಬಿದ ದಿನವನ್ನೇ, 1987ರ ನವೆಂಬರ್ 14ನ್ನೇ, ಜನರು ಆರಿಸಿಕೊಂಡರು. ದೇಶದ ಶಾಲೆಗಳಲ್ಲೆಲ್ಲ ಮಕ್ಕಳ ದಿನಾಚರಣೆಯ ಸಂಭ್ರಮ. ಕುಸನೂರಿನ ಶಾಲೆಯ ಅಂಗಳದಲ್ಲೂ ಅಂದು ಮಕ್ಕಳಿದ್ದರು, ಆದರೆ ತಾಯಿತಂದೆಗಳ ಕೈ ಹಿಡಿದು. ಸುತ್ತಣ ಊರುಗಳಿಂದ ಬಂದು ನೆರೆದವರು ಸುಮಾರು 2,000 ಮಂದಿ. ಯಾರೇ ಕೈಮಾಡಿದರೂ ತಾವು ಕೈಯೆತ್ತುವುದಿಲ್ಲವೆಂಬ ಅಹಿಂಸೆಯ ಪ್ರತಿಜ್ಞೆಯನ್ನು ಮೊದಲು ತೆಗೆದುಕೊಂಡರು. ಬಳಿಕ ವಾದ್ಯದವರು ಮುಂದೆ, ಫಲಕ ಹಿಡಿದವರು ಹಿಂದೆ, ಘೋಷಣೆ ಕೂಗುತ್ತ ಮೆರವಣಿಗೆ ಗಾಯರಾಣದತ್ತ ಸಾಗಿತು.

ಅಲ್ಲಿ ನಡೆದದ್ದಕ್ಕೆ ‘ಕಿತ್ತಿಕೋ-ಹಚ್ಚಿಕೋ’ ಸತ್ಯಾಗ್ರಹವೆಂದು ಹೆಸರು. ಆ ಸೀಮೆಯ ಮಾತಿನಲ್ಲಿ ಗಿಡ ಹಚ್ಚುವುದೆಂದರೆ ನೆಡುವುದು. ನೀಲಗಿರಿಯ ಸಸಿಗಳನ್ನು ಕಿತ್ತರು. ಕಿತ್ತ ಜಾಗದಲ್ಲೇ ಹಣ್ಣಿನ, ಮೇವಿನ ಗಿಡಗಳನ್ನು ಹಚ್ಚಿದರು. ಇಲ್ಲಿಯ ಸೊಗಸು ಎರಡನೆಯ ಮಾತಿನಲ್ಲಿದೆ. ಬರಿದೆ ಕಿತ್ತಿದ್ದರೆ ಅದು ಪರರ ಸೊತ್ತಿಗೆ ಮಾಡಿದ ಹಾನಿಯಾಗಿ ಪೋಲೀಸರ ಪುಸ್ತಕದಲ್ಲಿ ಒಂದು ಸಾಲಾಗುತ್ತಿತ್ತು. ಹಚ್ಚಿದ್ದರಿಂದ, ಈ ನೆಲದಲ್ಲಿ ಏನು ಬೆಳೆಯಬೇಕೆಂದು ಹೇಳುವ ಹಕ್ಕು ನಮ್ಮದೆಂದು ಅವರು ಸಾರಿದಂತಾಯಿತು. ಚದುರುವ ಮೊದಲು ಮತ್ತೊಂದು ಪ್ರತಿಜ್ಞೆ: ನೆಟ್ಟ ಗಿಡಗಳಿಗೆ ನೀರೆರೆದು ಕಾಪಾಡುವುದು. ಭಾಷಣಗಳ ಮಾತೇನೇ ಇರಲಿ, ಚಳವಳಿಯ ಮರುದಿನದಿಂದ ಕೊಡ ಹೊತ್ತು ನಡೆಯಬೇಕೆಂಬ ಈ ಮಾತನ್ನು ಆಡಿದ ಸತ್ಯಾಗ್ರಹಗಳು ಹೆಚ್ಚಿಲ್ಲ.

ಜಯವೇನೂ ಒಡನೆ ಒಲಿಯಲಿಲ್ಲ. 1988ರ ಏಪ್ರಿಲಿನಲ್ಲಿ ನ್ಯಾಯಾಲಯವು ತಡೆಯನ್ನು ಭಾಗಶಃ ಸಡಿಲಿಸಿ ಇನ್ನೂ 3,000 ಹೆಕ್ಟೇರಿನ ಹಸ್ತಾಂತರಕ್ಕೆ ಒಪ್ಪಿತು. ತೀರ್ಪಿಗಾಗಿ ಕಾದು ಕುಳಿತರೆ ಬಯಲು ಉಳಿಯದೆಂಬುದು ಜನರಿಗೆ ಮನದಟ್ಟಾಯಿತು. ಊರೂರಿನಲ್ಲಿ ಅಹಿಂಸೆಯ ಶಿಬಿರಗಳು ನಡೆದವು, ಪತ್ರಿಕೆಗಳು ಬರೆದವು, ಶಾಸಕರಲ್ಲಿಯೂ ಅನೇಕರು ಒಪ್ಪಂದದ ರದ್ದತಿಗೆ ದನಿಗೂಡಿಸಿದರು.

ಈ ನಡುವೆ ಬೆಂಗಳೂರಿಗೂ ದಿಲ್ಲಿಯ ಬಿಸಿ ತಟ್ಟಿತು. ಹೆಗಡೆಯವರ ನಂತರ ಮುಖ್ಯಮಂತ್ರಿಯಾದ ಎಸ್. ಆರ್. ಬೊಮ್ಮಾಯಿಯವರು ಇದೇ ಸೀಮೆಯವರು, ಶಿಗ್ಗಾವಿ ತಾಲೂಕಿನ ಕಾರಡಗಿಯಲ್ಲಿ ಹುಟ್ಟಿದವರು. ವಿಧಾನಸಭೆಯಲ್ಲಿ ಬಹುಮತ ತೋರಿಸಲು ಅವಕಾಶವನ್ನೇ ಕೊಡದೆ 1989ರ ಏಪ್ರಿಲ್ 21ರಂದು ಅವರ ಸರಕಾರವನ್ನು ವಜಾ ಮಾಡಲಾಯಿತು. ಅವರು ಬಿಡಲಿಲ್ಲ. 1994ರ ಮಾರ್ಚಿ 11ರಂದು ಸರ್ವೋಚ್ಚ ನ್ಯಾಯಾಲಯದ 9 ನ್ಯಾಯಾಧೀಶರ ಪೀಠವು, ಬಹುಮತದ ಪರೀಕ್ಷೆ ನಡೆಯಬೇಕಾದುದು ಸದನದಲ್ಲೇ ಎಂದೂ, ರಾಷ್ಟ್ರಪತಿ ಆಳ್ವಿಕೆಯ ಘೋಷಣೆಯನ್ನು ನ್ಯಾಯಾಲಯ ಪರಿಶೀಲಿಸಬಹುದೆಂದೂ ಹೇಳಿತು. ಕೇಂದ್ರದ ಅಧಿಕಾರಕ್ಕೆ ಬಿದ್ದ ಆ ಮೇರೆಗೆ ಬೊಮ್ಮಾಯಿ ಪ್ರಕರಣವೆಂದೇ ಹೆಸರು ನಿಂತಿದೆ. ಕಾನೂನಿನ ವಿದ್ಯಾರ್ಥಿಗಳೆಲ್ಲ ಅದನ್ನು ಓದುತ್ತಾರೆ. ಕುಸನೂರಿನ ಹೆಸರು ಅಷ್ಟು ದೂರ ಹೋಗಲಿಲ್ಲ.

ಆದರೆ ಕುಸನೂರಿನವರ ಕೆಲಸ ಅದಕ್ಕೂ ಮೊದಲೇ ಮುಗಿದಿತ್ತು. 1991ರಲ್ಲಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಕಂಪನಿಯನ್ನು ಮುಚ್ಚುವ ತೀರ್ಮಾನವಾಯಿತು. ಹೊಸದಾಗಿ ನೀಲಗಿರಿ ನೆಡುವುದನ್ನು ರಾಜ್ಯ ಸರಕಾರವೇ ನಿಷೇಧಿಸಿದ್ದು ಇನ್ನೂ ಎಷ್ಟೋ ವರ್ಷಗಳ ಮೇಲೆ, 2017ರಲ್ಲಿ. ಎಕರೆಗೊಂದು ರೂಪಾಯಿಯ ಆ ಗೇಣಿ ಕರಾರಿನಂತೆಯೇ ನಡೆದಿದ್ದರೆ ಅದರ ಅವಧಿ ತೀರುತ್ತಿದ್ದುದು 2024ರ ಸುಮಾರಿಗೆ. ಸತ್ಯಾಗ್ರಹದ ದಿನ ಶಾಲೆಯ ಅಂಗಳಕ್ಕೆ ಬಂದಿದ್ದ ಮಕ್ಕಳಿಗೆ ಅಷ್ಟು ಹೊತ್ತಿಗೆ ತಲೆ ನರೆಯತೊಡಗಿರುತ್ತಿತ್ತು.